ಕಲಬುರಗಿಯಿಂದ ಕಡಲ ಹಕ್ಕಿ ನೋಡಲು ಒಂದು ವಾರ: ಉಬ್ಬರ ನೋಡಿ ದಿನ ಹಾಕುವ ಕ್ರಮ

ಫೆಬ್ರುವರಿಯಲ್ಲಿ ಕರಾವಳಿಗೆ ಹೋಗಿ ಬಂದ ನಮ್ಮ ಕಡೆಯ ಹಕ್ಕಿಪ್ರಿಯರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಬೆಳಿಗ್ಗೆ ಆರಕ್ಕೇ ಹೋಗಿ ನಿಂತಿದ್ವಿರಿ, ಬರೀ ನೀರು. ನಾಲ್ಕು ಬೆಳ್ಳಕ್ಕಿ, ಒಂದು ಗರುಡ, ಮುಗೀತು." ಹಕ್ಕಿಗಳು ಅಲ್ಲೇ ಇದ್ದವು. ಹೋದ ಹೊತ್ತು ತಪ್ಪಿತ್ತು. ಕೆರೆ ದಂಡೆಯಲ್ಲಿ ಕಲಿತ ಅಭ್ಯಾಸ, ಅಂದರೆ ಬೆಳಕು ಹರಿಯುವಾಗ ಹೋಗಿ ಒಂಬತ್ತಕ್ಕೆ ಮನೆಗೆ ಬರುವುದು, ನದಿ ಕಡಲು ಸೇರುವ ಅಳಿವೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹಕ್ಕಿ ಯಾವಾಗ ತಿನ್ನಬೇಕು, ಯಾವಾಗ ಮಲಗಬೇಕು ಎಂದು ತೀರ್ಮಾನಿಸುವುದು ನೀರು. ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರಿಗಾಗಿ ಈ ಕ್ರಮ ಬರೆದಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

1. ಮೊದಲು ಕ್ಯಾಲೆಂಡರ್, ಆಮೇಲೆ ಟಿಕೆಟ್

ರಜೆ ಸಿಕ್ಕ ದಿನ ನೋಡಿ ಹೊರಡುವುದೇ ಮೊದಲ ತಪ್ಪು. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯಿರಿ. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ, ಈ ನಾಲ್ಕಕ್ಕೆ ಗುರುತು ಹಾಕಿ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ಸುಮಾರು 12 ಗಂಟೆ 25 ನಿಮಿಷದ ಅಂತರ. ಹಾಗಾಗಿ ಇವತ್ತಿನ ಉಬ್ಬರ ನಾಳೆ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಳಿತ ದೊಡ್ಡದು. ಅಷ್ಟಮಿ ಹತ್ತಿರ ಚಿಕ್ಕದು. ಕಾರವಾರದ ಕಡೆ ದೊಡ್ಡ ಏರಿಳಿತ ಎಂದರೆ ಒಂದೂವರೆ ಮೀಟರ್ ಆಸುಪಾಸು, ಚಿಕ್ಕದು ಅದರ ಅರ್ಧ. ಗುಜರಾತಿನ ಕಡಲಿಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಅಳಿವೆಯ ಕೆಸರು ಎಷ್ಟು ಸಪಾಟಾಗಿದೆ ಅಂದರೆ ಒಂದು ಗೇಣು ನೀರು ಇಳಿದರೂ ದೊಡ್ಡ ಬಯಲು ಎದ್ದು ಕಾಣುತ್ತದೆ.

ಅತಿ ದೊಡ್ಡ ಉಬ್ಬರ ಹುಣ್ಣಿಮೆಯ ದಿನವೇ ಬರುವುದಿಲ್ಲ, ಒಂದೆರಡು ದಿನ ಕಳೆದು ಬರುತ್ತದೆ. ಆದ್ದರಿಂದ ಹುಣ್ಣಿಮೆಗೆ ಮೂರು ದಿನ ಮೊದಲು ಕರಾವಳಿಯಲ್ಲಿರಿ, ಮೂರು ದಿನ ಆದ ಮೇಲೆ ಹೊರಡಿ. ಅಮಾವಾಸ್ಯೆಗೂ ಇದೇ ಲೆಕ್ಕ. ಭಾರತ ಹುಣ್ಣಿಮೆಯ ವಾರ ನನ್ನ ಮೊದಲ ಆಯ್ಕೆ. ಮಹಾಶಿವರಾತ್ರಿ ಅಮಾವಾಸ್ಯೆಯ ಹಿಂದಿನ ದಿನ ಬರುವುದರಿಂದ ನೀರಿನ ಲೆಕ್ಕಕ್ಕೆ ಅದೂ ಒಳ್ಳೆಯ ವಾರವೇ. ಆದರೆ ಗೋಕರ್ಣದಲ್ಲಿ ಆಗ ಕಾಲಿಡಲು ಜಾಗ ಇರುವುದಿಲ್ಲ, ಸುತ್ತಲಿನ ಊರುಗಳಲ್ಲೂ ರೂಮು ಸಿಗುವುದು ಕಷ್ಟ. ಹೋಳಿ ಹುಣ್ಣಿಮೆಯವರೆಗೆ ಕಾಯಬೇಡಿ. ಆ ಹೊತ್ತಿಗೆ ಗಲ್‌ಗಳು, ಅಂದರೆ ಬಂದರಿನ ಸುತ್ತ ಸುಳಿಯುವ ಬಿಳಿ-ಬೂದು ಕಡಲ ಹಕ್ಕಿಗಳು, ಹೊರಡಲು ಶುರು ಮಾಡಿರುತ್ತವೆ, ಸೆಕೆಯೂ ಏರಿರುತ್ತದೆ. ಅದೂ ಅಲ್ಲದೆ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಮನೆಯಲ್ಲಿರದಿದ್ದರೆ ಮಾತು ಕೇಳಬೇಕಾಗುತ್ತದೆ.

ವಾರ ಗೊತ್ತಾದ ಮೇಲೆ ಉಬ್ಬರ-ಇಳಿತದ ಪಟ್ಟಿ ತೆಗೆಯಿರಿ. ಕಡಲ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದನ್ನು ಆನ್‌ಲೈನ್‌ನಲ್ಲಿ ಕೊಡುತ್ತದೆ, ಸರ್ವೆ ಆಫ್ ಇಂಡಿಯಾ ಪುಸ್ತಕವಾಗಿ ಪ್ರಕಟಿಸುತ್ತದೆ. ನೀವು ಉಳಿಯುವ ಊರಿಗೆ ಹತ್ತಿರದ ಬಂದರಿನ ಪಟ್ಟಿ ಸಾಕು. ಏಳು ದಿನದ ಹಗಲಿನ ಉಬ್ಬರ, ಇಳಿತ, ಅವುಗಳ ಎತ್ತರ, ಇಷ್ಟನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದುಕೊಳ್ಳಿ. ಒಂದೇ ದಿನದ ಎರಡು ಉಬ್ಬರ ಸಮ ಇರುವುದಿಲ್ಲ, ಎತ್ತರದ ಕಾಲಮ್ ಬಿಡಬೇಡಿ. ಪಟ್ಟಿಯಲ್ಲಿರುವುದು ಬಂದರಿನ ಹೊತ್ತು. ಅಳಿವೆಯ ಒಳಗೆ ನೀರು ತಲುಪುವುದು ಇನ್ನಷ್ಟು ತಡ. ಎಷ್ಟು ತಡ ಎಂದು ಮೊದಲ ದಿನ ನಿಂತು ನೋಡಿದರೆ ಉಳಿದ ದಿನಕ್ಕೆಲ್ಲ ಅದೇ ಆಧಾರ.

2. ಚೀಲಕ್ಕೆ ಏನು ಹಾಕಬೇಕು

8×42 ಬೈನಾಕ್ಯುಲರ್ ಸಾಕು. 10 ಪಟ್ಟಿನದು ಇದ್ದರೆ ಅದೂ ನಡೆಯುತ್ತದೆ, ಆದರೆ ಕಡಲ ಗಾಳಿಗೆ ಕೈ ನಡುಗಿದರೆ ಚಿತ್ರವೂ ನಡುಗುತ್ತದೆ.

ನಿಜವಾಗಿ ಬೇಕಾದ್ದು ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿಟ್ಟು ನೋಡುವ ದುರ್ಬೀನು, 20ರಿಂದ 60 ಪಟ್ಟಿನದು, ಜೊತೆಗೆ ಭಾರವಾದ ಟ್ರೈಪಾಡ್. ನಾಲ್ಕು ಜನ ಸೇರಿ ಹೋಗುವವರಿಗೆ ಒಂದು ಸ್ಕೋಪ್ ಸಾಕು. ಸ್ಕೋಪ್ ಇಲ್ಲದೆ ಹೋಗಬಹುದೇ? ಹೋಗಬಹುದು, ಆದರೆ ಉಬ್ಬರದ ಹಿಂದುಮುಂದಿನ ಹೊತ್ತನ್ನೇ ನಂಬಬೇಕು. ಇಳಿತದಲ್ಲಿ ಹಕ್ಕಿಗಳು ದೂರದ ನೀರಂಚಿಗೆ ಹೋಗಿ ಚುಕ್ಕಿಗಳಾಗಿಬಿಡುತ್ತವೆ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಬೂಟು. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಕೊಳ್ಳುತ್ತದೆ, ಬರಿಗಾಲನ್ನು ಚಿಪ್ಪು ಸೀಳುತ್ತದೆ. ಅಗಲ ಅಂಚಿನ ಟೋಪಿ, ಮಣ್ಣಿನ ಬಣ್ಣದ ಅಂಗಿ, ಜನಕ್ಕೆ ಎರಡು ಲೀಟರ್ ನೀರು, ನೀರು ಹೋಗದ ಚೀಲ, ಸಿಲಿಕಾ ಜೆಲ್ ಪುಡಿಕೆಗಳು, ಎರಡು ಹತ್ತಿ ಬಟ್ಟೆ, ಪವರ್ ಬ್ಯಾಂಕ್. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರು ಗಾಳಿ ಆಡದ ಡಬ್ಬಿಯಲ್ಲೇ ಹಾಕಿ. ಬಟ್ಟೆ ಗಂಟಿನಲ್ಲಿ ಕಟ್ಟಿದ ರೊಟ್ಟಿ ಅಲ್ಲಿನ ತೇವಕ್ಕೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ.

3. ಊರ ಕೆರೆಯಲ್ಲಿ ತಾಲೀಮು

ಇದನ್ನು ಬಿಟ್ಟವರೇ ಅಳಿವೆಯಲ್ಲಿ ತಲೆ ಕೆರೆದುಕೊಳ್ಳುವುದು. ಹೊರಡುವ ಮುಂಚಿನ ಎರಡು ಭಾನುವಾರ ಇದಕ್ಕೆ ಇಡಿ. ಕಲಬುರಗಿಯವರಿಗೆ ಅಪ್ಪನ ಕೆರೆ ಇದೆ, ಬೀದರಿನವರಿಗೆ ಕಾರಂಜಾ ಜಲಾಶಯದ ಅಂಚು, ಯಾದಗಿರಿಯವರಿಗೆ ಸುರಪುರ ತಾಲೂಕಿನ ಬೋನಾಳ ಕೆರೆ. ಬೋನಾಳದಲ್ಲಿ ಪಟ್ಟೆತಲೆ ಹೆಬ್ಬಾತು ಕಂಡರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಹೋಗಲಿ, ಆದರೆ ನೋಡಬೇಕಾದ್ದು ದಂಡೆಯ ಕೆಸರಿನಲ್ಲಿರುವ ಬೂದು ಬಣ್ಣದ ಚಿಕ್ಕ ಹಕ್ಕಿಗಳನ್ನು.

ಕಾಮನ್ ಸ್ಯಾಂಡ್‌ಪೈಪರ್ ಬಾಲ ಕುಣಿಸುವುದು, ವುಡ್ ಸ್ಯಾಂಡ್‌ಪೈಪರ್ ಹುಬ್ಬಿನ ಬಿಳಿ ಗೆರೆ, ಗ್ರೀನ್‌ಶ್ಯಾಂಕ್ ಕೊಕ್ಕು ಸ್ವಲ್ಪ ಮೇಲಕ್ಕೆ ಬಾಗಿರುವುದು, ಲಿಟಲ್ ರಿಂಗ್ಡ್ ಪ್ಲವರ್ ಕಣ್ಣಿನ ಸುತ್ತ ಹಳದಿ ಬಳೆ. ಈ ನಾಲ್ಕನ್ನು ಪುಸ್ತಕ ನೋಡದೆ ಹೇಳುವಷ್ಟು ಆದರೆ ಕರಾವಳಿಯ ಅರ್ಧ ಕೆಲಸ ಇಲ್ಲೇ ಮುಗಿದ ಹಾಗೆ.

ಸ್ಕೋಪ್ ಹೊಸದಾಗಿದ್ದರೆ ಅದರ ತಾಲೀಮೂ ಇಲ್ಲೇ ಆಗಲಿ. ಕಡಿಮೆ ಪಟ್ಟಿನಲ್ಲಿ ಹಕ್ಕಿಯನ್ನು ಹುಡುಕಿ, ಸಿಕ್ಕ ಮೇಲೆ ಪಟ್ಟು ಏರಿಸಿ. ಉಲ್ಟಾ ಮಾಡಿದರೆ ಹಕ್ಕಿ ಹಾರಿಹೋದ ಮೇಲೆ ಕೆಸರು ಮಾತ್ರ ಸಿಗುತ್ತದೆ.

4. ಎಲ್ಲಿ ಉಳಿಯಬೇಕು

ಎರಡೇ ಊರು: ಕುಮಟಾ ಮತ್ತು ಕಾರವಾರ. ಮಂಗಳೂರಿನಿಂದ ಕಾರವಾರದವರೆಗೆ ಒಂದೇ ವಾರದಲ್ಲಿ ನೋಡಿಬಿಡುತ್ತೇವೆ ಎನ್ನುವವರು ಹೆದ್ದಾರಿ ನೋಡುತ್ತಾರೆ, ಹಕ್ಕಿಯನ್ನಲ್ಲ. ಮುರುಡೇಶ್ವರ ಇನ್ನೊಂದು ಸಲ ಆಗಲಿ.

ಕುಮಟಾದಲ್ಲಿ ಉಳಿದರೆ ಅಘನಾಶಿನಿ ಅಳಿವೆ ಕೈಗೆಟುಕುವಷ್ಟು ಹತ್ತಿರ. ಅಣೆಕಟ್ಟು ಇಲ್ಲದ ನದಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಅಳಿವೆ. ಕೆಸರು ಬಯಲು, ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ), ಗಜನಿ ಗದ್ದೆಗಳು (ಉಪ್ಪುನೀರು ಬರುವ, ಕಟ್ಟೆ ಕಟ್ಟಿದ ತಗ್ಗು ಗದ್ದೆ) ಮೂರೂ ಒಂದೇ ಕಡೆ ಸಿಗುತ್ತವೆ. ದಕ್ಷಿಣಕ್ಕೆ ಹೊನ್ನಾವರದ ಶರಾವತಿ ಅಳಿವೆಗೂ ಅಲ್ಲಿಂದಲೇ ಹೋಗಿ ಬರಬಹುದು. ಕಾರವಾರದಲ್ಲಿ ಕಾಳಿ ಅಳಿವೆ ಮತ್ತು ಉದ್ದನೆಯ ಮರಳ ದಂಡೆ.

ಹೋಗುವುದಕ್ಕೆ ಸುಲಭದ ದಾರಿ ಹುಬ್ಬಳ್ಳಿ ಮೇಲೆ. ಅಲ್ಲಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಂಕೋಲಾದ ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಕುಮಟಾ. ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿಯುವ ಯೋಚನೆ ಇದ್ದರೆ ದಾರಿ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ. ಹೋಗುವ ದಿನ, ಬರುವ ದಿನ ಏಳು ದಿನದ ಲೆಕ್ಕದಲ್ಲಿ ಸೇರಬಾರದು.

5. ಏಳು ದಿನ ಹಂಚುವ ಬಗೆ

ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ಮೊದಲ ದಿನ ಹಗಲಿನ ಉಬ್ಬರ 8 ಗಂಟೆಗೆ ಎಂದಿಟ್ಟುಕೊಳ್ಳಿ. ಮರುದಿನ 8:50ರ ಸುಮಾರಿಗೆ, ನಾಲ್ಕನೇ ದಿನ ಹತ್ತೂವರೆಗೆ, ಏಳನೇ ದಿನ ಮಧ್ಯಾಹ್ನ ಒಂದರ ಹತ್ತಿರ. ಹುಣ್ಣಿಮೆ ಆಸುಪಾಸು ಈ ಜರುಗುವಿಕೆ 50 ನಿಮಿಷಕ್ಕಿಂತ ಕಡಿಮೆ, ಅಷ್ಟಮಿ ಹತ್ತಿರ ಜಾಸ್ತಿ. ಪಟ್ಟಿಯಲ್ಲಿ ಇದ್ದದ್ದೇ ಅಂತಿಮ.

ಮೊದಲ ದಿನ ಬೇರೇನೂ ಬೇಡ. ಅಘನಾಶಿನಿ ಅಳಿವೆಯ ಉತ್ತರ ದಡದ ತದಡಿಗೆ ಹೋಗಿ ಉಬ್ಬರದಿಂದ ಇಳಿತದವರೆಗೆ ಒಂದೇ ಕಡೆ ಇರಿ. ನೀರು ಎಲ್ಲಿಂದ ಸರಿಯುತ್ತದೆ, ಯಾವ ದಿಬ್ಬ ಮೊದಲು ಏಳುತ್ತದೆ, ಹಕ್ಕಿ ಯಾವ ದಿಕ್ಕಿನಿಂದ ಬಂದು ಇಳಿಯುತ್ತದೆ ಎಂದು ಬರೆದುಕೊಳ್ಳಿ. ಹಕ್ಕಿ ಹೆಸರು ಗೊತ್ತಾಗದಿದ್ದರೆ ಚಿಂತೆ ಇಲ್ಲ.

ಎರಡು, ಮೂರು, ನಾಲ್ಕು, ಐದು, ಈ ನಾಲ್ಕು ದಿನ ಅಳಿವೆಗೇ ಮೀಸಲು. ಇವುಗಳಲ್ಲಿ ಒಂದು ದಿನ ತದಡಿಯಿಂದ ದೋಣಿಯಲ್ಲಿ ಆಚೆಯ ಅಘನಾಶಿನಿ ಊರಿಗೆ ದಾಟಿ. ಫೆಬ್ರುವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣ ದಡದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬೆಳಕು ನಿಮ್ಮ ಬೆನ್ನಿಗಿರುತ್ತದೆ, ಕಾಲಿನ ಬಣ್ಣ ಸರಿಯಾಗಿ ಕಾಣುತ್ತದೆ. ಇನ್ನೊಂದು ದಿನ ಶರಾವತಿ ಅಳಿವೆ.

ಆರನೇ ದಿನ ಕಾರವಾರಕ್ಕೆ ಬನ್ನಿ. ಏಳನೇ ದಿನ ಬೆಳಿಗ್ಗೆ ಮರಳ ದಂಡೆಯಲ್ಲಿ ನಡೆಯಿರಿ, ಆಮೇಲೆ ಬೈತಖೋಲದ ಮೀನುಗಾರಿಕೆ ಬಂದರು. ತೆರೆದ ಕಡಲ ದಂಡೆಗೆ ಯಾವಾಗಲೂ ಬೆಳಿಗ್ಗೆಯೇ ಹೋಗಬೇಕು. ಸಂಜೆ ಪಶ್ಚಿಮಕ್ಕೆ ಮುಖ ಮಾಡಿದರೆ ಎಲ್ಲ ಹಕ್ಕಿಯೂ ಕಪ್ಪು.

6. ಕೆಸರಿನ ಮುಂದೆ ನಿಲ್ಲುವುದು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಇಳಿತದ ಹೊತ್ತಿಗೆ ಕೆಸರು ಕಾಣುತ್ತದೆ, ಕೆಸರಿದ್ದರೆ ಹಕ್ಕಿ ಇರುತ್ತದೆ ಎಂದು ಪೂರ್ತಿ ಇಳಿದ ಮೇಲೆ ಹೋಗುತ್ತಾರೆ. ಹಕ್ಕಿ ಇರುತ್ತದೆ, ಆದರೆ ಬಯಲಿನ ಉದ್ದಗಲಕ್ಕೂ ಚದುರಿ, ಬಿಸಿಲಿನ ಝಳದಲ್ಲಿ ಕುಣಿಯುತ್ತ ಇರುತ್ತದೆ.

ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಮೊದಲು ಜಾಗದಲ್ಲಿರಿ. ಏರುವ ನೀರು ಕೆಸರನ್ನು ನುಂಗುತ್ತ ಬರುತ್ತದೆ, ಹಕ್ಕಿಗಳು ಅದರ ಮುಂದೆ ಮುಂದೆ ದಡದ ಕಡೆ ಬರುತ್ತವೆ. ನೀವು ಅಲುಗಾಡದೆ ಕೂತರೆ ಸಾಕು, ಅವನ್ನು ನಿಮ್ಮ ಹತ್ತಿರಕ್ಕೆ ತರುವ ಕೆಲಸ ನೀರಿನದು. ಕೊನೆಗೆ ಕೆಸರೇ ಉಳಿಯದಾಗ ಎಲ್ಲವೂ ಒಂದು ಮರಳ ದಿಬ್ಬಕ್ಕೋ ಗಜನಿ ಕಟ್ಟೆಗೋ ಹಾರಿ ಒತ್ತೊತ್ತಾಗಿ ನಿಲ್ಲುತ್ತವೆ. ಇದು ಅವುಗಳ ವಿಶ್ರಾಂತಿ ಜಾಗ. ಇಲ್ಲಿಗೆ ಹತ್ತಿರ ಹೋಗಬೇಡಿ, ದೂರದಿಂದ ಸ್ಕೋಪಿನಲ್ಲಿ ಎಣಿಸಿ. ಉಬ್ಬರ ಮುಗಿದು ನೀರು ಸರಿಯಲು ಶುರುವಾದ ಮೊದಲ ಗಂಟೆಯೂ ಒಳ್ಳೆಯದು, ಹಸಿದ ಹಕ್ಕಿಗಳು ಮೊದಲು ಎದ್ದ ಕೆಸರಿಗೇ ಮುಗಿಬೀಳುತ್ತವೆ.

ಉಬ್ಬರ ಮಧ್ಯಾಹ್ನಕ್ಕೆ ಬಿದ್ದರೆ ಝಳ ಇರುತ್ತದಲ್ಲ ಎಂದು ಕೇಳುತ್ತೀರಿ. ಇರುತ್ತದೆ. ಆದರೆ ಹಕ್ಕಿ ಹತ್ತಿರ ಬಂದಿರುವುದರಿಂದ ನಡುವಿನ ಬಿಸಿ ಗಾಳಿ ಕಡಿಮೆ. ಸ್ಕೋಪನ್ನು 25-30 ಪಟ್ಟಿಗೆ ಇಳಿಸಿ. 60ಕ್ಕೆ ಏರಿಸಿದರೆ ಝಳವೂ ದೊಡ್ಡದಾಗಿಯೇ ಕಾಣುತ್ತದೆ.

ಕೂರುವ ಜಾಗ ಹುಡುಕಲು ಒಂದು ಉಪಾಯ: ಇಳಿತದಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಲು ಬರುವವರನ್ನು ಕೇಳಿ. "ಅಕ್ಕಾ, ನೀರು ತುಂಬಿದಾಗ ಹಕ್ಕಿ ಎಲ್ಲಿ ಕೂರ್ತಾವೆ?" ಎಂದರೆ ಕೈ ತೋರಿಸುತ್ತಾರೆ. ಅವರಿಗೆ ಆ ಕೆಸರಿನ ಪ್ರತಿ ಮೂಲೆ ಗೊತ್ತು. ಗಜನಿ ಕಟ್ಟೆ ಹತ್ತುವ ಮುಂಚೆ ಅದರ ಯಜಮಾನರಿಗೂ ಒಂದು ಮಾತು ಕೇಳಿ.

7. ಗುರುತು ಹಿಡಿಯುವ ಕ್ರಮ

ಬಣ್ಣದಿಂದ ಶುರು ಮಾಡಬೇಡಿ. ಚಳಿಗಾಲದಲ್ಲಿ ಇವೆಲ್ಲ ಬೂದು-ಕಂದು-ಬಿಳಿ. ಈ ಕ್ರಮ ಹಿಡಿಯಿರಿ: ನಡೆ, ಗಾತ್ರ, ಕೊಕ್ಕು, ಕಾಲು, ಕೊನೆಗೆ ಬಣ್ಣ.

ನಡೆ ನೋಡಿದರೆ ಎರಡು ಗುಂಪು. ಪ್ಲವರ್ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಾಗಿ ಕುಕ್ಕುತ್ತದೆ. ಸ್ಯಾಂಡ್‌ಪೈಪರ್ ತಲೆ ತಗ್ಗಿಸಿ ಚುಚ್ಚುತ್ತಲೇ ಹೋಗುತ್ತದೆ. ಒಂದು ಸ್ಯಾಂಡ್ ಪ್ಲವರ್ ಹುಳು ಎಳೆಯುವುದನ್ನು ಸ್ಕೋಪಿನಲ್ಲಿ ಪೂರ್ತಿ ನೋಡಿ. ಹುಳು ಅರ್ಧ ಹೊರಗೆ, ಅರ್ಧ ಕೆಸರಿನಲ್ಲಿ. ಹಕ್ಕಿ ಕಾಲು ಊರಿ ಹಿಂದಕ್ಕೆ ವಾಲುತ್ತದೆ, ಹುಳು ರಬ್ಬರ್ ಬ್ಯಾಂಡಿನಂತೆ ಉದ್ದವಾಗುತ್ತದೆ, ತುಂಡಾಗದ ಹಾಗೆ ಹಕ್ಕಿ ನಡುವೆ ಒಮ್ಮೆ ಸಡಿಲ ಬಿಡುತ್ತದೆ. ಹೀಗೆ ಒಂದನ್ನೇ ಐದು ನಿಮಿಷ ನೋಡಿದವರಿಗೆ ಪ್ಲವರ್ ನಡೆ ಮತ್ತೆ ಮರೆಯುವುದಿಲ್ಲ.

ಗಾತ್ರಕ್ಕೆ ಅಳತೆಗೋಲು ಬೇಕು. 28 ಸೆಂಟಿಮೀಟರ್ ಆಸುಪಾಸಿನ ರೆಡ್‌ಶ್ಯಾಂಕ್, ಅಂದರೆ ಕೆಂಪುಕಾಲಿನ ಗೊರವ, ಎಲ್ಲೆಡೆ ಸಿಗುತ್ತದೆ, ಗದ್ದಲವನ್ನೂ ಎಬ್ಬಿಸುತ್ತದೆ. ಉಳಿದ ಪ್ರತಿ ಹಕ್ಕಿಯನ್ನೂ ಇದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಕೇಳಿಕೊಳ್ಳಿ. ಪ್ಲವರ್ ನಡೆಯ ಹಕ್ಕಿ ಚಿಕ್ಕದಾಗಿದ್ದು, ಕಣ್ಣಿನ ಸುತ್ತ ಹಳದಿ ಬಳೆ ಇಲ್ಲದೆ, ಕತ್ತಿನ ಹಿಂದೆ ಬಿಳಿ ಪಟ್ಟಿ ಇದ್ದರೆ ಕೆಂಟಿಷ್ ಪ್ಲವರ್. ಆ ಬಿಳಿ ಪಟ್ಟಿ ಇಲ್ಲದಿದ್ದರೆ ಸ್ಯಾಂಡ್ ಪ್ಲವರ್. ಅದರಲ್ಲೂ ಕೊಕ್ಕು ದಪ್ಪ, ಕಾಲು ಉದ್ದ, ಕಾಲಿನ ಬಣ್ಣ ಹಸಿರು-ಹಳದಿ ಎಂದರೆ ಗ್ರೇಟರ್. ಹಳೆಯ ಪುಸ್ತಕದ ಲೆಸ್ಸರ್ ಸ್ಯಾಂಡ್ ಪ್ಲವರನ್ನು ಈಗ ಎರಡಾಗಿ ಒಡೆದಿದ್ದಾರೆ. ನಮ್ಮ ಕರಾವಳಿಯಲ್ಲಿ ಕಾಣುವುದು ಮುಖ್ಯವಾಗಿ ಟಿಬೆಟನ್ ಸ್ಯಾಂಡ್ ಪ್ಲವರ್. ಹಕ್ಕಿ ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಹೆಸರು ಹುಡುಕಿ ಸಿಗದೆ ಗೊಂದಲ ಆಗುವುದು ಇದರಿಂದಲೇ.

ಕೊಕ್ಕು ಮೇಲಕ್ಕೆ ಬಾಗಿ, ಕಾಲು ಗಿಡ್ಡ ಹಳದಿ-ಕಿತ್ತಳೆ, ಬಗ್ಗಿ ಬಗ್ಗಿ ಏಡಿಯ ಹಿಂದೆ ಓಡಿದರೆ ಟೆರೆಕ್ ಸ್ಯಾಂಡ್‌ಪೈಪರ್. ಕೊಕ್ಕು ಕೆಳಕ್ಕೆ ಬಾಗಿದ ದೊಡ್ಡ ಹಕ್ಕಿ ಎರಡು: ತಲೆಯ ಮೇಲೆ ಪಟ್ಟೆ ಇದ್ದರೆ ವಿಂಬ್ರೆಲ್, ಪಟ್ಟೆ ಇಲ್ಲದೆ ಕೊಕ್ಕು ಇನ್ನೂ ಉದ್ದ ಇದ್ದರೆ ಕರ್ಲ್ಯೂ. ಮರಳ ದಂಡೆಯಲ್ಲಿ ಅಲೆಯ ಹಿಂದೆ ಓಡಿ, ಅಲೆ ಬಂದಾಗ ವಾಪಸ್ ಓಡುವ ಬಿಳಿಚು ಗುಂಪು ಸ್ಯಾಂಡರ್ಲಿಂಗ್.

ಫೆಬ್ರುವರಿ ಕೊನೆಯ ಹೊತ್ತಿಗೆ ಕೆಲವು ಹಕ್ಕಿ ಬಣ್ಣ ಬದಲಿಸಲು ಶುರು ಮಾಡುತ್ತವೆ. ಸ್ಯಾಂಡ್ ಪ್ಲವರ್ ಎದೆಯಲ್ಲಿ ಇಟ್ಟಿಗೆ ಬಣ್ಣ ಇಣುಕಿದರೆ ಬೇರೆ ಜಾತಿ ಸಿಕ್ಕಿತು ಎಂದು ಹಿಗ್ಗಬೇಡಿ.

8. ಗಲ್ ಮತ್ತು ಟರ್ನ್: ಬಂದರಿನಲ್ಲಿ ನೋಡಿ

ದೋಣಿ ಬಂದು ಮೀನು ಇಳಿಸುವ ಹೊತ್ತಿಗೆ ಹೋಗಿ, ಹೊತ್ತು ಯಾವುದು ಎಂದು ಹಿಂದಿನ ದಿನವೇ ಕೇಳಿಡಿ. ರೆಕ್ಕೆ ತುದಿ ಕಪ್ಪು, ಅದರಲ್ಲಿ ಬಿಳಿ ಚುಕ್ಕೆ ಇದ್ದರೆ ಬ್ರೌನ್-ಹೆಡೆಡ್ ಗಲ್. ರೆಕ್ಕೆಯ ಮುಂದಿನ ಅಂಚು ಬೆಳ್ಳಗೆ ಹೊಳೆದರೆ ಬ್ಲ್ಯಾಕ್-ಹೆಡೆಡ್. ಬೆನ್ನು ಗಾಢ ಬೂದು ಇರುವ ದೊಡ್ಡ ಗಲ್‌ಗಳನ್ನು ಸದ್ಯಕ್ಕೆ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಎಂದು ಬರೆದು ಮುಂದೆ ಹೋಗಿ. ಅವುಗಳ ಉಪಜಾತಿಯ ಜಗಳಕ್ಕೆ ವಾರ ಸಾಲುವುದಿಲ್ಲ.

ಟರ್ನ್ ಅಂದರೆ ಗಲ್‌ಗಿಂತ ತೆಳ್ಳಗಿನ, ಚೂಪು ರೆಕ್ಕೆಯ ಕಡಲ ಹಕ್ಕಿ; ಅದರ ಗುರುತಿಗೆ ಕೊಕ್ಕೊಂದೇ ಸಾಕು. ಕಿತ್ತಳೆ ಎಂದರೆ ಲೆಸ್ಸರ್ ಕ್ರೆಸ್ಟೆಡ್, ಮಾಸಲು ಹಳದಿ ಎಂದರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿನ ತುದಿಗೆ ಹಳದಿ ಇದ್ದರೆ ಸ್ಯಾಂಡ್‌ವಿಚ್, ಪೂರ್ತಿ ಕಪ್ಪು ದಪ್ಪ ಕೊಕ್ಕು ಗಲ್-ಬಿಲ್ಡ್, ಕೆಂಪು ಭಾರಿ ಕೊಕ್ಕು ಕ್ಯಾಸ್ಪಿಯನ್.

9. ಅಪಾಯದ ಸೂಚನೆ

ಹಕ್ಕಿಯ ಕಡೆಯಿಂದ: ತಿನ್ನುವುದು ನಿಲ್ಲಿಸಿ ಎಲ್ಲವೂ ತಲೆ ಎತ್ತಿದರೆ ನೀವು ಈಗಾಗಲೇ ಹತ್ತಿರ ಬಂದಿದ್ದೀರಿ. ಒಂದೇ ದಿಕ್ಕಿಗೆ ನಡೆಯಲು ಶುರು ಮಾಡಿದರೆ ಹಿಂದೆ ಸರಿಯಿರಿ. ಇವು ಟಿಬೆಟ್, ಮಧ್ಯ ಏಷ್ಯಾದ ಕಡೆ ಹಾರಲು ಮೈಯಲ್ಲಿ ಕೊಬ್ಬು ಕೂಡಿಸುವ ದಿನಗಳು. ಒಂದು ಫೋಟೋಗಾಗಿ ಇಡೀ ಗುಂಪನ್ನು ಎಬ್ಬಿಸುವವರ ಜೊತೆ ನಾನಂತೂ ಹೋಗುವುದಿಲ್ಲ. ಮರಳಿನಲ್ಲಿ ಪುಟ್ಟ ಪ್ಲವರ್ ರೆಕ್ಕೆ ಮುರಿದಂತೆ ನಾಟಕ ಆಡಿದರೆ ಮೊಟ್ಟೆ ಕಾಲಡಿಯಲ್ಲೇ ಇರಬಹುದು, ಬಂದ ಹೆಜ್ಜೆಯಲ್ಲೇ ವಾಪಸ್ ನಡೆಯಿರಿ.

ನಿಮ್ಮ ಕಡೆಯಿಂದ: ನೀರು ಎದುರಿನಿಂದ ಮಾತ್ರ ಏರುತ್ತದೆ ಎಂದುಕೊಳ್ಳಬೇಡಿ. ನೀವು ನಿಂತ ದಿಬ್ಬ ಒಣಗಿಯೇ ಇರುತ್ತದೆ, ಬೆನ್ನ ಹಿಂದಿನ ತೋಡು ತುಂಬಿರುತ್ತದೆ. ಬರುವಾಗ ದಾಟಿದ ತೋಡಿಗೆ ಒಂದು ಕಡ್ಡಿ ನೆಟ್ಟು ಬನ್ನಿ. ಕಡ್ಡಿಯ ಬುಡಕ್ಕೆ ನೀರು ಬಂದ ಕೂಡಲೇ ಎದ್ದು ಬನ್ನಿ, ಇನ್ನೊಂದು ಹಕ್ಕಿ ಎನ್ನಬೇಡಿ. ಕೆಸರಿನಲ್ಲಿ ಕಾಲು ಮೀನಖಂಡದವರೆಗೆ ಹೂತರೆ ಅದು ನಡೆಯುವ ಜಾಗ ಅಲ್ಲ. ಹೂತ ಕಾಲನ್ನು ನೇರ ಮೇಲಕ್ಕೆ ಜಗ್ಗದೆ ಹಿಂದಕ್ಕೆ ಕೂತು, ನಿಧಾನ ಅಲುಗಾಡಿಸಿ ತೆಗೆಯಿರಿ. ಒಬ್ಬರೇ ಕೆಸರಿಗೆ ಇಳಿಯಲೇಬೇಡಿ.

ಕಾರವಾರದಲ್ಲಿ ಇನ್ನೊಂದು ಎಚ್ಚರ. ಅಲ್ಲಿ ನೌಕಾನೆಲೆ ಇದೆ. ಉದ್ದನೆಯ ಸ್ಕೋಪ್, ದೊಡ್ಡ ಲೆನ್ಸ್ ಹಿಡಿದು ಆ ದಿಕ್ಕಿಗೆ ತಿರುಗಿಸಿದರೆ ವಿಚಾರಣೆ ಖಂಡಿತ. ಡ್ರೋನ್ ಮನೆಯಲ್ಲೇ ಬಿಡಿ. ಗುರುತಿನ ಚೀಟಿ ಜೇಬಿನಲ್ಲಿರಲಿ.

10. ಪ್ರತಿ ರಾತ್ರಿ ಮಾಡಬೇಕಾದ್ದು

ಲೆನ್ಸಿಗೆ ಉಪ್ಪು ಹತ್ತಿರುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಗಾಜಿನ ಲೇಪ ಗೀರಿಹೋಗುತ್ತದೆ. ಮೊದಲು ಊದಿ ಮರಳು ಹಾರಿಸಿ, ಸಿಹಿ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ ಒರೆಸಿ, ಆಮೇಲೆ ಒಣ ಬಟ್ಟೆ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ತೊಳೆಯಿರಿ, ಇಲ್ಲದಿದ್ದರೆ ಮರಳು ಸೇರಿ ಮೂರನೇ ದಿನಕ್ಕೇ ಬಿಗಿಯುತ್ತವೆ. ಬೈನಾಕ್ಯುಲರ್ ಸಿಲಿಕಾ ಜೆಲ್ ಇರುವ ಡಬ್ಬಿಗೆ ಹೋಗಲಿ, ರೊಟ್ಟಿ ಡಬ್ಬಿಗಲ್ಲ.

ಪಟ್ಟಿಯನ್ನು ಅದೇ ರಾತ್ರಿ ಇಬರ್ಡ್‌ಗೆ ಹಾಕಿ. ಜಾಗ, ಹೊತ್ತು, ಎಣಿಕೆಯ ಜೊತೆಗೆ 'ಉಬ್ಬರಕ್ಕೆ ಒಂದು ಗಂಟೆ ಮೊದಲು' ಎಂದು ಟಿಪ್ಪಣಿಯಲ್ಲಿ ಬರೆಯಿರಿ. ಗುರುತು ಸಿಗದ್ದನ್ನು 'ಸ್ಯಾಂಡ್ ಪ್ಲವರ್, ಜಾತಿ ತಿಳಿಯದು' ಎಂದೇ ಹಾಕಿ, ಊಹೆ ತುಂಬಬೇಡಿ. ಮಲಗುವ ಮುಂಚೆ ಹಾಳೆ ತೆಗೆದು ನಾಳೆಯ ಉಬ್ಬರ ನೋಡಿ, ಅದರಲ್ಲಿ ಎರಡು ಗಂಟೆ ಕಳೆದು, ದಾರಿಯ ಹೊತ್ತನ್ನೂ ಕಳೆದು ಅಲಾರಂ ಇಡಿ.